ಹೊಸಹಳ್ಳಿಗಳ ನಡುವೆ ನಮ್ಮ ಹೊಸಹಳ್ಳಿ

ಬೀರುವಿನ ಕೆಳಗಿನ ಅರೆಯಲ್ಲಿ ನುಸಿಗುಳಿಗೆ ಇಡೋಣವೆಂದು ಮೊನ್ನೆ ಸೀರೆಗಳನ್ನೆಲ್ಲ ಹೊರಗೆ ತೆಗೆದೆ. ಅಡಿಗೆ ಹಾಸಿದ್ದ ಕಾಗದವನ್ನು ಎಳೆದರೆ ಅದು ಬಟ್ಟೆಯ ಹಾಗೆ ಮಡಚಿಕೊಂಡು ಕೈಗೆ ಬಂತು. ಬೆನ್ನಿಗೆ ಬಟ್ಟೆ ಅಂಟಿಸಿದ ಹಳೆಯ ನಕ್ಷೆ. ಅಲ್ಲಿಗೆ ಬೀರುವಿನ ಕೆಲಸ ನಿಂತಿತು. ಸೀರೆಗಳು ಮಂಚದ ಮೇಲೆ ಬಿದ್ದಿದ್ದವು, ನಾನು ಕನ್ನಡಕ ಏರಿಸಿಕೊಂಡು ನೆಲದ ಮೇಲೆ ಕೂತು ಹೊಸಹಳ್ಳಿಗಳನ್ನು ಎಣಿಸತೊಡಗಿದೆ. ಆ ಒಂದು ಹಾಳೆಯಲ್ಲಿ ಎಷ್ಟು ಹೊಸಹಳ್ಳಿಗಳಿವೆ ಎಂದು ಹತ್ತಾರು ಸಲ ಎಣಿಸಿದ್ದೇನೆ. ಒಂದು ಸಲ ನಾಲ್ಕು ಬರುತ್ತವೆ, ಒಂದು ಸಲ ಐದು. ನನ್ನ ಕಣ್ಣಿನ ದೋಷವೋ ನಕ್ಷೆಯ ದೋಷವೋ ಇವತ್ತಿಗೂ ತಿಳಿದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನಕ್ಷೆ ಬಿಡಿಸುವ ಒಂದು ಸರ್ಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಕೆಳಗಿನ ಗೆರೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ನಾವು ಟೋಪೋಶೀಟು ಎಂದು ಕರೆಯುತ್ತಿದ್ದ ಆ ನಕ್ಷೆಗಳಲ್ಲಿ ಗುಡ್ಡ, ಹಳ್ಳ, ಕೆರೆ, ಗುಡಿ, ಗಾಡಿದಾರಿ, ಕಾಲುದಾರಿ ಎಲ್ಲಕ್ಕೂ ಒಂದೊಂದು ಗುರುತು. ನೆಲದ ಏರುತಗ್ಗಿಗೆ ಕಂದು ಗೆರೆಗಳು. ಗೆರೆ ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡ, ದೂರ ದೂರವಿದ್ದರೆ ಬಯಲು. ಇಷ್ಟೆಲ್ಲ ಗೊತ್ತಿದ್ದವಳಿಗೆ ದಾರಿಯೂ ಗೊತ್ತಿರುತ್ತದೆ ಎಂದು ನೀವು ತಿಳಿದರೆ ತಪ್ಪು. ಎಡ ಯಾವುದು ಬಲ ಯಾವುದು ಎಂದು ಹೇಳಬೇಕಾದರೆ ನಾನು ಈಗಲೂ ಮನಸ್ಸಿನಲ್ಲೇ ಒಂದು ತುತ್ತು ಅನ್ನ ಕಲಸಿ ನೋಡಬೇಕು. ಯಲಹಂಕದ ಶಾಲೆಯಲ್ಲಿ ಓದುವಾಗ ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿ, ಅಟ್ಲಾಸಿನ ಮೇಲಿಟ್ಟು ಭಾರತದ ಭೂಪಟ ತೆಗೆಯುತ್ತಿದ್ದೆ. ಮೇಷ್ಟ್ರು ಅದನ್ನು ಇಡೀ ತರಗತಿಗೆ ತೋರಿಸುತ್ತಿದ್ದರು. ಅದೇ ದಿನ ಸಂಜೆ ಅಂಗಡಿಗೆ ಬೆಲ್ಲ ತರಲು ಹೋದವಳು ಬೇರೆ ಬೀದಿಯಲ್ಲಿ ಅಳುತ್ತಾ ನಿಂತಿರುತ್ತಿದ್ದೆ. ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ನಮ್ಮಪ್ಪ, "ಎಷ್ಟೋ ರೈಲಿಗೆ ದಾರಿ ಬಿಡ್ತೀನಿ, ಇವಳಿಗೆ ಮಾತ್ರ ಬಿಡಕ್ಕಾಗಲ್ಲ ನೋಡು" ಎಂದು ಅಮ್ಮನ ಹತ್ತಿರ ಹೇಳಿ ನಗುತ್ತಿದ್ದರು.

ಇಂಥವಳ ಪಾಲಿಗೆ ಒಂದು ಊರು ಹುಡುಕುವ ಕೆಲಸ ಬಂತು.

ಆಗ ನಾವು ಮತ್ತಿಕೆರೆಯ ಒಂದು ವಠಾರದಲ್ಲಿದ್ದೆವು. ನಾನು, ನಮ್ಮವರು, ನಮ್ಮತ್ತೆ, ಮಗಳು ಸುಮ. ಸುಮಳಿಗೆ ಎರಡೂವರೆ ವರ್ಷ. ಹುಟ್ಟುಗೂದಲು ಇನ್ನೂ ತೆಗೆಸಿರಲಿಲ್ಲ. ಕೂದಲು ಕಣ್ಣಿಗೆ ಬೀಳುತ್ತಿತ್ತು, ಬೇಸಿಗೆ ಬೇರೆ, ನೆತ್ತಿಯ ತುಂಬ ಸೆಕೆಗುಳ್ಳೆ. ಕೆರೆದುಕೊಂಡು ಕೆರೆದುಕೊಂಡು ಕೀವಾಗಿ ಮಗು ಮಗ್ಗುಲು ಬದಲಿಸಿದರೂ ಅಳುತ್ತಿತ್ತು. ಡಾಕ್ಟರು, "ಮೊದಲು ತಲೆ ಬೋಳಿಸಿ, ಆಮೇಲೆ ಮುಲಾಮು ಕೊಡ್ತೀನಿ" ಎಂದರು. ಅತ್ತೆ ಒಪ್ಪಲಿಲ್ಲ.

"ಮನೆದೇವ್ರಿಗೆ ಕೊಡೋ ಮುಡಿ ಕಣಮ್ಮ ಅದು. ಎಲ್ಲಂದ್ರೆ ಅಲ್ಲಿ ತೆಗೆಸೋ ಅಂಗಿಲ್ಲ. ನಿನ್ನ ಗಂಡನ್ದು ಅಂಗೇ ಎಲ್ಲೋ ತೆಗೆಸ್ಬಿಟ್ವಿ. ಆಮೇಲೆ ಎರಡು ಕೂಸು ಕೈಗೆ ಬಂದು ಓದ್ವು" ಎಂದರು. ಅದನ್ನು ಹೇಳುವಾಗ ಅವರು ಅಳಲಿಲ್ಲ, ಅಕ್ಕಿ ಆರಿಸುತ್ತಲೇ ಇದ್ದರು.

ಮನೆದೇವರು ದೊಣೆಯಮ್ಮ. ಬಂಡೆಯಲ್ಲಿ ನೀರು ನಿಲ್ಲುವ ಗುಳಿಗೆ ನಮ್ಮ ಕಡೆ ದೊಣೆ ಎನ್ನುತ್ತಾರೆ. ಅದರ ಪಕ್ಕ ನಿಂತ ಅಮ್ಮ. ಊರು ಹೊಸಹಳ್ಳಿ. ಯಾವ ಹೊಸಹಳ್ಳಿ? ಅದು ಯಾರಿಗೂ ಗೊತ್ತಿರಲಿಲ್ಲ. ಮಾವ ಮುನಿಯಪ್ಪನವರು ತೀರಿಕೊಂಡು ಹತ್ತು ವರ್ಷವಾಗಿತ್ತು, ಬಲ್ಲವರೆಲ್ಲ ಒಬ್ಬೊಬ್ಬರಾಗಿ ಹೋಗಿದ್ದರು. ನಮ್ಮವರು ಆ ಊರನ್ನು ಕಂಡವರೇ ಅಲ್ಲ, ಕಾಣುವ ಮನಸ್ಸೂ ಅವರಿಗಿರಲಿಲ್ಲ.

"ನಮ್ಮ ತಾತ ಸತ್ತಾಗ ನಮ್ಮಪ್ಪಂಗೆ ಸುದ್ದೀನೇ ಕಳಿಸ್ಲಿಲ್ಲ ಅವ್ರು. ಇವ್ರು ಇಲ್ಲಿ ಯಶವಂತಪುರದಲ್ಲಿ ಮೂಟೆ ಹೊರ್ತಿದ್ರು. ಗೊತ್ತಾಗಿ ಓಡಿ ಹೋಗೋ ಹೊತ್ತಿಗೆ ಚಿಕ್ಕಪ್ಪ ಎಲ್ಲ ಮುಗಿಸಿದ್ದ. ಹಿರೀ ಮಗ ಕಣೇ, ಒಂದು ಹಿಡಿ ಮಣ್ಣು ಹಾಕಕ್ಕೂ ಕಾಯ್ಲಿಲ್ಲ. ಆ ಊರಿಗೆ ನಾನು ಕಾಲಿಡಲ್ಲ" ಎಂದು ಊಟದ ತಟ್ಟೆಯ ಮುಂದೆ ಕೂತು ಹೇಳಿದರು. ಎರಡನೇ ಸಲ ಸಾರು ಹಾಕಿಸಿಕೊಳ್ಳದೆ ಎದ್ದುಬಿಟ್ಟರು.

ಅತ್ತೆ ಆ ಊರಿಗೆ ಹೋದದ್ದು ಒಂದೇ ಸಲ, ಮದುವೆಯಾದ ಮೂರನೇ ದಿನ. ಅಣ್ಣ ತಮ್ಮ ಇಬ್ಬರಿಗೂ ಯಶವಂತಪುರದಲ್ಲಿ ಒಂದೇ ಚಪ್ಪರದಡಿ ಮದುವೆ. ಇಬ್ಬರು ಹೊಸ ಹೆಣ್ಣುಗಳನ್ನೂ ಒಂದೇ ಗಾಡಿಯಲ್ಲಿ ಕೂರಿಸಿ ಕರೆದೊಯ್ದರಂತೆ. ಅಲ್ಲಿ ಮೂರು ದಿನ ಇದ್ದು ಕೋಳಿ ಕೂಗುವ ಹೊತ್ತಿಗೆ ವಾಪಸು ಹೊರಟರಂತೆ.

"ಹೋಗುವಾಗ ದಾರೀಲಿ ಏನೇನು ನೋಡಿದ್ರಿ ಅತ್ತೆ?" ಎಂದು ಕೇಳಿದೆ.

"ನೋಡಾದೆಲ್ಲಿ ಬಂತು? ಮದುವೆ ಹೆಣ್ಣು ತಲೆ ಎತ್ತಿದ್ರೆ ನಮ್ಮತ್ತೆ ಸುಮ್ಕಿರ್ತಿದ್ರಾ? ನನ್ನ ಕಾಲುಂಗುರ ನೋಡ್ಕೊಂಡು ಓದೆ, ಕಾಲುಂಗುರ ನೋಡ್ಕೊಂಡು ಬಂದೆ."

ಆದರೆ ಕಿವಿ ಮುಚ್ಚಿಕೊಂಡು ಹೋಗಿರಲಿಲ್ಲವಲ್ಲ. ಅಡುಗೆಮನೆಯಲ್ಲಿ ಕೂರಿಸಿಕೊಂಡು ಒಂದೊಂದೇ ಹೊರಗೆ ತೆಗೆದೆ. ಗಾಡಿ ಎರಡು ಸಲ ನೀರಿಗಿಳಿಯಿತು. ಎರಡನೇ ಸಲ ಅತ್ತೆಯ ಪಾದ ನೆನೆಯಿತು. ಎಡಗಡೆಯಿಂದ ರೈಲು ಕೂಗಿದ್ದು ಕೇಳಿಸಿತು. ಆಮೇಲೆ ಚಕ್ರ ಬಂಡೆಯ ಮೇಲೆ ಗಡಗಡ ಎಂದಿತು. ಇಳಿದಾಗ ಅಂಗಾಲಿಗೆ ಬಂಡೆಯ ಬಿಸಿ ತಾಕಿತು, ಎಲ್ಲೋ ಹುಣಸೆಹಣ್ಣು ಜಜ್ಜುತ್ತಿದ್ದ ವಾಸನೆ ಬಂತು. ಇಷ್ಟನ್ನೂ ಆಫೀಸಿನ ಹಾಳೆಯೊಂದರ ಹಿಂದೆ ಬರೆದುಕೊಂಡೆ. ಹುಣಸೆಹಣ್ಣಿನ ವಾಸನೆಗೆ ಟೋಪೋಶೀಟಿನಲ್ಲಿ ಗುರುತು ಇಲ್ಲವೆಂಬುದು ಬರೆದ ಮೇಲೆ ಹೊಳೆಯಿತು.

ಅದೇ ಸಮಯಕ್ಕೆ ನಮ್ಮ ಕಚೇರಿಯಲ್ಲಿ ಇಂಚು ಮೈಲಿ ಲೆಕ್ಕದ ಹಳೆಯ ನಕ್ಷೆಗಳನ್ನು ತೆಗೆದುಹಾಕುತ್ತಿದ್ದರು. ನನ್ನ ಪಕ್ಕದ ಮೇಜಿನ ಹಿರಿಯ ಡ್ರಾಫ್ಟ್ಸ್‌ಮನ್ ಖಾದರ್ ಸಾಹೇಬರು ಆರ್‌.ಟಿ. ನಗರದವರು. ಮನೆಯಲ್ಲಿ ದಖನಿ ಉರ್ದು, ಆಫೀಸಿನಲ್ಲಿ ನಮಗಿಂತ ಚೆನ್ನಾದ ಕನ್ನಡ. ಮಗುವಿನ ವಿಷಯ ಕೇಳಿ ಅವರೇ ಮೇಲಿನವರ ಹತ್ತಿರ ಹೇಳಿ ಈ ಹಾಳೆ ಕೊಡಿಸಿದರು.

"ನೋಡಿ ಬೇಟಾ, ಎರಡು ಹಳ್ಳ, ಒಂದು ರೈಲು, ಬಂಡೆ. ಯಶವಂತಪುರದಿಂದ ಹೊರಟ್ರೆ ರೈಲು ಎಡಕ್ಕೆ ಇರಬೇಕು ಅಂದ್ರೆ ತುಮಕೂರು ಲೈನಿನ ಈ ಕಡೆ, ಹೆಸರಘಟ್ಟದ ಸೈಡು. ಅಲ್ಲಿ ಎರಡು ಹೊಸಹಳ್ಳಿ ಇದಾವೆ. ಎರಡರಲ್ಲಿ ಒಂದು ನಿಮ್ದೇ" ಎಂದು ಪೆನ್ಸಿಲಿನಲ್ಲಿ ಸುತ್ತು ಹಾಕಿಕೊಟ್ಟರು. ಅವರು ಅಷ್ಟು ಧೈರ್ಯವಾಗಿ ಹೇಳಿದ್ದರಿಂದ ನನಗೂ ಧೈರ್ಯ ಬಂತು.

ಮೊದಲನೇ ಭಾನುವಾರ ಅತ್ತೆ ನಾನು ಇಬ್ಬರೇ ಬಸ್ಸು ಹತ್ತಿದೆವು. ಇಳಿದ ಮೇಲೆ ಒಂದೂವರೆ ಮೈಲಿ ನಡಿಗೆ. ನಕ್ಷೆಯನ್ನು ಯಾವ ಕಡೆ ತಿರುಗಿಸಿ ಹಿಡಿಯಬೇಕೆಂದು ತಿಳಿಯದೆ ನಾನೇ ಅದರ ಸುತ್ತ ತಿರುಗುತ್ತಿದ್ದೆ. ಊರ ಬಾಗಿಲಲ್ಲೇ ಅರಳಿಕಟ್ಟೆಯ ಮೇಲೆ ಹಾಳೆ ಬಿಚ್ಚಿದ್ದು ನಾನು ಮಾಡಿದ ತಪ್ಪು. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು.

"ಯಾವ ಡಿಪಾರ್ಟ್‌ಮೆಂಟು ತಾಯಿ?" ಎಂದು ಒಬ್ಬರು ಕೇಳಿದರು.

"ಡಿಪಾರ್ಟ್‌ಮೆಂಟ್ ಕೆಲಸಕ್ಕಲ್ಲ ಬಂದಿರೋದು. ನಮ್ಮ ಮನೆದೇವರನ್ನ ಹುಡುಕ್ತಿದೀವಿ."

"ದ್ಯಾವ್ರನ್ನ ನಕ್ಷೇಲಿ ಉಡುಕ್ತಾರಾ? ಸುಮ್ಕೆ ಏಳಮ್ಮ, ನಮ್ ಒಲದಾಗೆ ಲೈನ್ ಎಳೆಯಕ್ಕೆ ಬಂದಿದೀರಾ, ಇಲ್ಲಾ ಸೈಟು ಮಾಡಕ್ಕೆ ಬಂದಿದೀರಾ?"

ನಾನು ತೊದಲಿದೆ. ಅತ್ತೆಯೇ ಮುಂದೆ ಬಂದು ಸುಮಳ ನೆತ್ತಿಯ ಹುಣ್ಣಿನಿಂದ ಶುರುಮಾಡಿ ಎಲ್ಲ ಹೇಳಿದರು. ಜನ ತಣ್ಣಗಾದರು. ಮಜ್ಜಿಗೆ ಕೊಟ್ಟರು, ಒಬ್ಬಾಕೆ ಹುಣ್ಣಿಗೆ ಹಚ್ಚಲು ಯಾವುದೋ ಸೊಪ್ಪು ಕಟ್ಟಿಕೊಟ್ಟರು. ಆದರೆ ಅಲ್ಲಿ ಮಾರಮ್ಮ ಇದ್ದಳು, ಮುನೇಶ್ವರ ಇದ್ದ, ದೊಣೆಯಮ್ಮನ ಹೆಸರನ್ನು ಕೇಳಿದವರೇ ಇರಲಿಲ್ಲ.

ಮುಂದಿನ ಭಾನುವಾರ ಎರಡನೇ ಹೊಸಹಳ್ಳಿ. ಈ ಸಲ ನಕ್ಷೆಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ, ಹಾಗಾಗಿ ಬೇಗ ದಾರಿ ಸಿಕ್ಕಿತು. ಊರಾಚೆ ದೊಡ್ಡ ಬಂಡೆ, ಅದರಲ್ಲಿ ಗುಳಿ, ಗುಳಿಯಲ್ಲಿ ನೀರು. ನನಗೆ ಕುಣಿಯುವಷ್ಟು ಸಂತೋಷ. ಅತ್ತೆ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ನಾಲ್ಕು ಹೆಜ್ಜೆ ನಡೆದರು, ಕಣ್ಣು ಮುಚ್ಚಿ ನಿಂತರು.

"ಇದಲ್ಲ" ಎಂದರು.

"ಅದು ಹೇಗೆ ಹೇಳ್ತೀರಿ? ನಲವತ್ತು ವರ್ಷ ಆಯ್ತು. ನೀರಿದೆ, ಬಂಡೆ ಇದೆ, ಹೆಸರು ಹೊಸಹಳ್ಳಿ. ಇನ್ನೇನು ಬೇಕು?" ನನಗೆ ಸಿಟ್ಟೇ ಬಂತು. ಮನೆಯಲ್ಲಿ ಮಗು ಅಳುವುದು ಕಿವಿಯಲ್ಲಿತ್ತು.

"ಇಲ್ಲಿ ದ್ಯಾವ್ರಿಲ್ಲ ಕಣಮ್ಮ" ಎಂದು ಅತ್ತೆ ಮೆಲ್ಲಗೆ ಹೇಳಿದರು.

ಸುತ್ತಲೂ ನೋಡಿದೆ. ಹೌದು, ಒಂದು ಕಲ್ಲು ಕೂಡ ನಿಲ್ಲಿಸಿರಲಿಲ್ಲ. ನಾನು ಗುಳಿಯನ್ನು ಕಂಡ ಉತ್ಸಾಹದಲ್ಲಿ ದೇವರನ್ನೇ ಮರೆತಿದ್ದೆ.

ವಾಪಸು ಬರುವಾಗ ಹುಲ್ಲು ಒಯ್ಯುತ್ತಿದ್ದ ಎತ್ತಿನ ಗಾಡಿಯವನೊಬ್ಬ ಬಸ್ ನಿಲ್ದಾಣದವರೆಗೆ ಹತ್ತಿಸಿಕೊಂಡ. ನಾನು ಎತ್ತುಗಳ ಕಡೆ ಮುಖ ಮಾಡಿ ಕೂತೆ. ಅತ್ತೆ ಸಲೀಸಾಗಿ ಗಾಡಿಯ ಹಿಂಬದಿಗೆ ಹೋಗಿ, ಬಂದ ದಾರಿಯ ಕಡೆ ತಿರುಗಿ, ಕಾಲು ಇಳಿಬಿಟ್ಟು ಕೂತರು. ಸ್ವಲ್ಪ ದೂರ ಹೋದ ಮೇಲೆ ನಾನು ಕೇಳಿದೆ.

"ಅತ್ತೆ, ಯಾಕೆ ಹಿಂದಕ್ಕೆ ತಿರುಗಿ ಕೂತ್ರಿ?"

"ಇನ್ನೆಂಗೆ ಕೂರಾದು? ಎಣ್ಮಕ್ಕಳು ಗಾಡೀಲಿ ಇಂಗೇ ಕೂರಾದು. ಎತ್ತಿನ ಬಾಲ ನೋಡ್ಕೊಂಡು ಕೂರಾನು ಗಾಡಿ ಒಡೆಯಾನು."

"ಮದುವೇಲೂ ಹೀಗೇ ಕೂತಿದ್ರಾ?"

"ಊಂ ಮತ್ತೆ. ನಾವಿಬ್ರೂ ಇಂಗೇ ಕಾಲು ಇಳೇಬಿಟ್ಕೊಂಡು ಕೂತಿದ್ವಿ. ಅದ್ಕೇ ಅಲ್ವಾ ಅಳ್ಳದ ನೀರಲ್ಲಿ ಕಾಲು ನೆಂದಿದ್ದು."

ನಾನು ಮನಸ್ಸಿನಲ್ಲಿ ಒಂದು ತುತ್ತು ಕಲಸಿದೆ. ಆಮೇಲೆ ಗಾಡಿಯಲ್ಲೇ ಎದ್ದು ಅತ್ತೆಯ ಪಕ್ಕ ಹೋಗಿ ಹಿಂದಕ್ಕೆ ತಿರುಗಿ ಕೂತು ಇನ್ನೊಂದು ತುತ್ತು ಕಲಸಿದೆ. ಹಿಂದಕ್ಕೆ ಮುಖ ಮಾಡಿ ಕೂತವರ ಎಡಗಡೆ, ಮುಂದಕ್ಕೆ ಹೋಗುವವರ ಬಲಗಡೆ. ರೈಲು ಬಲಕ್ಕಿತ್ತು. ಎರಡು ವಾರದಿಂದ ನಾವು ಹಳಿಯ ತಪ್ಪು ಬದಿಯಲ್ಲಿ ದೇವರನ್ನು ಹುಡುಕುತ್ತಿದ್ದೆವು.

ಮನೆಗೆ ಬಂದವಳೇ ನಕ್ಷೆ ಹಾಸಿ ಹಳಿಯ ಇನ್ನೊಂದು ಬದಿ, ಅಂದರೆ ತುಮಕೂರು ರಸ್ತೆಗೂ ಹಳಿಗೂ ನಡುವಿನ ಜಾಗ ನೋಡಿದೆ. ಅಲ್ಲಿ ಹೊಸಹಳ್ಳಿ ಎಂಬುದೇ ಇರಲಿಲ್ಲ. ಹಾಳೆಯ ಮಡಿಕೆ ಸರಿಯಾಗಿ ಅಲ್ಲೇ ಹಾದುಹೋಗಿ, ಉಜ್ಜಿ ಉಜ್ಜಿ ಅಕ್ಷರ ಅಳಿಸಿ, ಬಟ್ಟೆ ಕಾಣುತ್ತಿತ್ತು. ಉಳಿದದ್ದು 'ಹಳ್ಳಿ' ಎಂಬ ಬಾಲ ಮಾತ್ರ. ಪಕ್ಕದಲ್ಲಿ ಒತ್ತೊತ್ತಾದ ಕಂದು ಗೆರೆಗಳ ಒಂದು ಸುತ್ತು, ದಾರಿಗೆ ಅಡ್ಡವಾಗಿ ಎರಡು ನೀಲಿ ಗೆರೆ. ಖಾದರ್ ಸಾಹೇಬರು ಮಾರನೆಯ ದಿನ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಹೊಸಹಳ್ಳಿಯೂ ಆಗಬಹುದು, ಕಾಸಹಳ್ಳಿಯೂ ಆಗಬಹುದು. ಹೋಗಿ ನೋಡಿಬಿಡಿ. ಈ ಸಲ ನನ್ನ ಮಾತು ಕೇಳಬೇಡಿ" ಎಂದು ನಕ್ಕರು.

ಮೂರನೇ ಭಾನುವಾರ ಸೋಲದೇವನಹಳ್ಳಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ, ಅಲ್ಲಿಂದ ನಡೆದೆವು. ಮೊದಲ ಹಳ್ಳ ಬತ್ತಿತ್ತು. ಎರಡನೆಯದರಲ್ಲಿ ಕಣಕಾಲು ನೀರು. ಆಮೇಲೆ ದಾರಿ ಬಂಡೆಯ ಮೇಲೆ ಹತ್ತಿತು, ಬಂಡೆಯಲ್ಲಿ ಗಾಡಿಚಕ್ರ ಸವೆಸಿದ ಎರಡು ಗೀರುಗಳು. ಅತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಮೊದಲ ಮನೆಯ ಜಗಲಿಯ ಮೇಲೆ ಕಣ್ಣಿಗೆ ಪೊರೆ ಬಂದ ಮುದುಕಿಯೊಬ್ಬಳು ಹುಣಸೆಹಣ್ಣು ಜಜ್ಜುತ್ತಿದ್ದಳು ಎಂದು ಹೇಳಲು ನನಗೆ ಆಸೆ. ಹಾಗೇನೂ ಇರಲಿಲ್ಲ. ಮುದುಕಿ ಇದ್ದಳು, ಕಣ್ಣಿಗೆ ಪೊರೆಯೂ ಬಂದಿತ್ತು, ಆದರೆ ಸುಮ್ಮನೆ ಕೂತಿದ್ದಳು.

"ಯಾರವ್ವ ಅದು?"

"ಮುನಿಯಪ್ಪನ ಎಂಡ್ತಿ. ಯಶವಂತಪುರ" ಎಂದರು ಅತ್ತೆ.

ಮುದುಕಿ ಎದ್ದು ಹತ್ತಿರ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗುರುತು ಸಿಗುವುದಾದರೂ ಹೇಗೆ? ಮೂರು ದಿನ ತಲೆ ತಗ್ಗಿಸಿದ್ದವರು ಒಬ್ಬರ ಮುಖ ಒಬ್ಬರು ನೋಡಿರಲೇ ಇಲ್ಲ. ಆಕೆ ಅತ್ತೆಯ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, "ಗಾಡೀಲಿ ನನ್ ಕೈ ಇಡ್ಕಂಡು ಅತ್ತಿದ್ದೋಳು ನೀನೇನಾ ಅಕ್ಕ?" ಎಂದಳು.

ಅವಳು ಚನ್ನಮ್ಮ, ಅತ್ತೆಯ ಓರಗಿತ್ತಿ, ಮಾವನವರ ತಮ್ಮನ ಹೆಂಡತಿ. ಆ ತಮ್ಮನೂ ತೀರಿಹೋಗಿ ಎರಡು ವರ್ಷವಾಗಿತ್ತು. ದೊಣೆಯಮ್ಮ ಮನೆಯ ಹಿಂದಿನ ಬಂಡೆಯ ಮೇಲೆಯೇ ಇದ್ದಳು. ಚನ್ನಮ್ಮ ಒಂದೆರಡು ಸಲ, "ಅಕ್ಕ, ನಮ್ ಮಾವ ತೀರೋದ ದಿನ..." ಎಂದು ಶುರುಮಾಡಿದಳು. ಅತ್ತೆ, "ಅದೆಲ್ಲ ಈಗ ಬ್ಯಾಡ ಬಿಡೇ. ಮಗೀದು ಮುಡಿ ಮುಗೀಲಿ" ಎಂದು ತಡೆದರು. ಮುಂದಿನ ಭಾನುವಾರಕ್ಕೆ ಮುಡಿ ಎಂದು ಗೊತ್ತುಮಾಡಿದೆವು.

ಹೊರಡುವ ಮುಂಚೆ ನಾನು ನಕ್ಷೆಯನ್ನು ಬಿಚ್ಚಿ ಚನ್ನಮ್ಮನ ಮಗನಿಗೆ ತೋರಿಸಿದೆ. ಅವನು ಅದನ್ನು ನೋಡಿ, "ಅಕ್ಕ, ನಮ್ಮೋರು ಮೊದ್ಲಿಂದ ಇಲ್ಲಿನೋರಲ್ಲ. ತಾತನ ತಾತ ಬೇರೆ ಎಲ್ಲಿಂದ್ಲೋ ಬಂದು ಇಲ್ಲಿ ಊರು ಕಟ್ಟಿದ್ದಂತೆ. ಆ ಅಳೇ ಊರು ಇದ್ರಾಗೆ ಎಲ್ಲೈತೆ?" ಎಂದ. ನನ್ನ ತಲೆ ಗಿರ್ರೆಂದಿತು. ಹಾಗಾದರೆ ಮೂಲ ಇದಲ್ಲವೇ, ಮುಡಿ ಇಲ್ಲಿ ಕೊಡಬಹುದೇ ಎಂದು ಅತ್ತೆಯ ಮುಖ ನೋಡಿದೆ. ಅತ್ತೆ ನಕ್ಷೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಚೀಲಕ್ಕೆ ಹಾಕಿದರು. "ನಂಗೆ ಇಲ್ಲಿಗಂಟ ಸಾಕು" ಎಂದರು.

ನಮ್ಮವರು ಮಾತ್ರ ಬರುವುದಿಲ್ಲ ಎಂದರು. ಅತ್ತೆ ಒತ್ತಾಯಿಸಲಿಲ್ಲ. ಶನಿವಾರ ನಾನು, "ಸೋಲದೇವನಹಳ್ಳೀಲಿ ಇಳಿದು ಹಳಿ ದಾಟ್ಬೇಕು, ನೆನಪಿಟ್ಕೊಳ್ಳಿ" ಎಂದೆ. "ನಂಗ್ಯಾಕೆ ಹೇಳ್ತೀಯಾ" ಎಂದು ಪೇಪರಿನ ಹಿಂದೆ ಮುಖ ಇಟ್ಟುಕೊಂಡರು.

ಭಾನುವಾರ ಬೆಳಗ್ಗೆ ನನ್ನ ತಮ್ಮನ ತೊಡೆಯ ಮೇಲೆ ಕೂತು ಸುಮ ಊರೆಲ್ಲ ಕೇಳುವಂತೆ ಅತ್ತಳು. ಹುಣ್ಣುಗಳ ನಡುವೆ ಕತ್ತಿ ಆಡಿಸಲು ಕ್ಷೌರಿಕನಿಗೆ ಒಂದು ಗಂಟೆ ಹಿಡಿಯಿತು. ಕೊನೆಯ ಎಳೆ ಬಿದ್ದ ಮೇಲೆ ಅತ್ತೆ ದೊಣೆಯ ನೀರನ್ನು ಅಂಗೈಯಲ್ಲಿ ತೆಗೆದು ನೆತ್ತಿಗೆ ಸವರಿದರು. ಅದೇನು ತಂಪೋ, ಮಗು ತಕ್ಷಣ ಸುಮ್ಮನಾಗಿ ಅಲ್ಲೇ ನಿದ್ದೆ ಹೋಯಿತು. ಎಷ್ಟೋ ವಾರಗಳ ಮೇಲೆ ಅವಳು ಹಾಗೆ ಮಲಗಿದ್ದು.

ಊಟವಾಗಿ, ಎಲೆ ಎತ್ತಿ, ಮೂರು ಗಂಟೆ ದಾಟಿತ್ತು. ಚನ್ನಮ್ಮನೂ ಅತ್ತೆಯೂ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದರು. ಬಂಡೆಯ ದಾರಿಯಲ್ಲಿ ಒಬ್ಬರು ನಡೆದು ಬರುವುದು ಕಂಡಿತು. ಪ್ಯಾಂಟಿನ ಮೊಣಕಾಲವರೆಗೆ ಧೂಳು, ಅಂಗಿ ಬೆವರಿಗೆ ಅಂಟಿತ್ತು. ನಮ್ಮವರು. ಬೆಳಗ್ಗೆ ಎಂಟಕ್ಕೇ ಬಸ್ಸು ಹತ್ತಿ, ಹೊಸಹಳ್ಳಿ ಎಂದು ಟಿಕೆಟ್ ಕೇಳಿ, ಹೆಸರಘಟ್ಟದ ಕಡೆಯ ಹೊಸಹಳ್ಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಹೊಸಹಳ್ಳಿಗೆ ಹೋಗಿ, ಕೊನೆಗೆ ಹಳಿ ದಾಟಿ ಬಂದಿದ್ದರು. ನಾನು ಎದ್ದು ನಿಂತೆ.

ನನಗಿಂತ ಮೊದಲು ಎದ್ದದ್ದು ಚನ್ನಮ್ಮ. ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಆ ನಡಿಗೆಯನ್ನೇ ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, ಸರಸರನೆ ಒಳಗೆ ಹೋಗಿ ಬಾಗಿಲ ಹಿಂದೆ ನಿಂತುಬಿಟ್ಟಳು.

"ಬಾವ ಬಂದವ್ರೆ. ಕಾಲಿಗೆ ನೀರು ಕೊಡ್ರೇ ಯಾರಾದ್ರೂ" ಎಂದಳು.

"ನನ್ನ ಮಗ ಕಣೇ ಅದು" ಎಂದರು ಅತ್ತೆ.

"ಗೊತ್ತಾಯ್ತಕ್ಕ. ಬಾವಂದೇ ನಡಿಗೆ, ಅದ್ಕೇ ಕಾಲು ನಿಲ್ಲಲಿಲ್ಲ."

ನಮ್ಮವರು ಅಂಗಳಕ್ಕೆ ಬಂದು ನಿಂತರು. ನಾನು ಹಿಡಿದಿದ್ದ ನೀರಿನ ಚೊಂಬನ್ನು ಅವರು ತೆಗೆದುಕೊಳ್ಳಲಿಲ್ಲ. ಆಗ ಬಾಗಿಲ ಹಿಂದಿನಿಂದ ಚನ್ನಮ್ಮನ ದನಿ ಬಂತು. ಮಾವನವರು ಬದುಕಿದ್ದಾಗ, ಗಂಡನ ಅಣ್ಣನೆಂದು, ಅವಳು ಅವರೆದುರು ನಿಂತವಳಲ್ಲ, ಒಂದು ದಿನವೂ ನೇರವಾಗಿ ಮಾತಾಡಿದವಳಲ್ಲ.

"ಬಾವ, ನಾವು ಆಳು ಕಳಿಸಿದ್ವಿ. ಯಶವಂತಪುರದ ಸಂತೇಲೆಲ್ಲ ಮುನಿಯಪ್ಪ ಮುನಿಯಪ್ಪ ಅಂತ ಕೇಳ್ಕಂಡು ಸುತ್ತಿದ್ನಂತೆ. ಏಳು ಜನ ಮುನಿಯಪ್ಪ ಸಿಕ್ಕಿದ್ರಂತೆ, ನೀವು ಸಿಗ್ಲಿಲ್ಲ. ನಿಮ್ ತಮ್ಮ ಗುಂಡಿ ತಾವ ಕುಂತ್ಕಂಡು, ಅಣ್ಣ ಬತ್ತಾನೆ, ಅಣ್ಣ ಬತ್ತಾನೆ ಅಂತ ದಾರೀನೇ ನೋಡ್ತಿದ್ರು. ಒತ್ತು ಮುಳುಗ್ತು. ಊರೋರು ಬಿಡ್ಲಿಲ್ಲ. ನಾವು ಕಾದ್ವಿ ಬಾವ."

ನಮ್ಮವರು ಬಾಗಿಲನ್ನೇ ನೋಡುತ್ತಿದ್ದರು. ಬೆಳಗಿನಿಂದ ಎರಡು ಊರು ಸುತ್ತಿ ದಾರಿ ಕೇಳಿದ ಮನುಷ್ಯ. ತಾಯಿಯ ಕಡೆ ನೋಡಿದರು. ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಆಗ್ಲಿ ಬಿಡಮ್ಮ" ಎಂದರು ಕೊನೆಗೆ. "ಸಿಗೋದು ಕಷ್ಟಾನೇ."

ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ಪ್ಯಾಂಟು ಮೇಲಕ್ಕೆ ಮಡಚಿ, ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಂಡರು. ಆಮೇಲೆ ತಲೆ ಬಗ್ಗಿಸಿ, ಆ ಗಿಡ್ಡ ಬಾಗಿಲನ್ನು ದಾಟಿ ಒಳಗೆ ಹೋದರು.